ಬೀರೂರಿನಲ್ಲಿ ಇಳಿದವನ ಹಾಡು

ಅಥವಾ ಅದು ವಡೆಯೇ ಆಗಿರಲಿಲ್ಲವೇನೋ, ಬೋಂಡ ಇದ್ದಿರಬಹುದು. ಇಷ್ಟು ವರ್ಷ ವಡೆ ವಡೆ ಎಂದು ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದರೆ ಅದರ ನಡುವಿನ ತೂತು ಕೂಡ ಕಾಣುತ್ತದೆ. ಆದರೆ ಹೀಗೆ ತೂತಿನ ಸಮೇತ ಕಾಣುವ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ತರೀಕೆರೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಕಣ್ಣು ಪರೀಕ್ಷೆಗೆ ಕೂತವರು ಗೋಡೆಯ ಮೇಲಿನ ಕೊನೆಯ ಸಾಲನ್ನೂ ಗಡಗಡ ಓದಿಬಿಡುತ್ತಾರೆ. ಕಂಡು ಓದುವುದಲ್ಲ; ತಮಗಿಂತ ಮುಂಚೆ ಕೂತಿದ್ದವರು ಓದಿದ್ದನ್ನು ಕೇಳಿಸಿಕೊಂಡಿರುತ್ತಾರೆ, ಅಷ್ಟೆ. ನೆನಪು ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ.

ಇರಲಿ, ವಡೆ ಎಂದೇ ಇಟ್ಟುಕೊಳ್ಳೋಣ. ಆ ಕತೆಯನ್ನು ನಾನು ಅಂಗಡಿಯಲ್ಲಿ, ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಬಂದದ್ದು ಹೀಗೆ. ಕಡೂರಿನಲ್ಲಿ ತಂಗಿಯ ಮಗುವಿನ ನಾಮಕರಣ ಮುಗಿಸಿಕೊಂಡು ನಾನೂ ನನ್ನ ಹೆಂಡತಿ ಸುಮಿತ್ರಳೂ ಪ್ಯಾಸೆಂಜರ್ ರೈಲಿನಲ್ಲಿ ತರೀಕೆರೆಗೆ ಹೊರಟಿದ್ದೆವು. ಬೀರೂರಿನಲ್ಲಿ ಗಾಡಿ ನಿಂತಿತು. ವಡೆ ತರೋಣವೆಂದು ಇಳಿದೆ. ಗಾಡಿ ಬಿಟ್ಟುಬಿಟ್ಟಿತು. ನಾನು ಪ್ಲಾಟ್‌ಫಾರಂ ಮುಗಿಯುವವರೆಗೂ ಓಡಿದೆ, ಒಂದು ಚಪ್ಪಲಿ ಹೋಯಿತು, 'ಸುಮೀ' ಎಂದು ಕೂಗಿದೆ, ಕೊನೆಗೆ ಬಸ್ಸು ಹಿಡಿದು ಬಂದೆ. ಅಷ್ಟರಲ್ಲಿ ಸುಮಿತ್ರ ತರೀಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದಳು. ಕೂರದೆ ಗತಿಯಿರಲಿಲ್ಲ. ಟಿಕೆಟ್ಟು, ಚಿಲ್ಲರೆ ದುಡ್ಡು, ಮನೆಯ ಬೀಗದ ಕೈ ಗಂಡನ ಜೇಬಿನಲ್ಲಿ. ಎರಡು ಮೊಬೈಲೂ ಸೇರಿದಂತೆ ಮಿಕ್ಕಿದ್ದೆಲ್ಲ ಹೆಂಡತಿಯ ಬ್ಯಾಗಿನಲ್ಲಿ. ಇದು ನಮ್ಮ ಮನೆಯಲ್ಲಿ ಮದುವೆಯಾದಾಗಿನಿಂದ ಜಾರಿಯಲ್ಲಿರುವ ವ್ಯವಸ್ಥೆ. ಅವಳ ನಂಬರು ನನಗೆ ಬಾಯಿಪಾಠ ಬರುತ್ತಿರಲಿಲ್ಲ. ಬಂದಿದ್ದರೂ ಯಾವ ಬಾಯಲ್ಲಿ ಮಾತಾಡುವುದು!

ಯಾಕೆಂದರೆ ನಾನು ಓಡಿರಲೇ ಇಲ್ಲ. ಬೀರೂರಿನಲ್ಲಿ ಹಳಿ ಎರಡಾಗಿ ಒಡೆಯುತ್ತದೆ: ಒಂದು ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ. ಆವತ್ತು ಎರಡು ಗಾಡಿ ನಿಂತಿದ್ದವು. ಹುಟ್ಟಿದಾಗಿನಿಂದ ಇದೇ ಜಂಕ್ಷನ್ನಿನಲ್ಲಿ ಓಡಾಡಿದ ನಾನು, ವಡೆಯ ಪೊಟ್ಟಣ ಹಿಡಿದುಕೊಂಡು ಇನ್ನೊಂದು ಗಾಡಿ ಹತ್ತಿದೆ. ಕಿಟಕಿ ಪಕ್ಕ ಕೂತೆ. ಸುಮಿತ್ರ ಕಾಣಲಿಲ್ಲ, ಕೈ ತೊಳೆಯಲು ಹೋಗಿದ್ದಾಳೆ ಅಂದುಕೊಂಡೆ. ನನ್ನ ಪಾಲಿನದನ್ನು ತಿಂದೆ. ಆಮೇಲೆ ಅಜ್ಜಂಪುರದ ಬೋರ್ಡು ಕಂಡಿತು. ಅಲ್ಲಿಂದ ತರೀಕೆರೆಗೆ ಬಸ್ಸಿನಲ್ಲಿ ಬರುವಾಗ ಓಟವನ್ನು, ಕೂಗನ್ನು, ಚಪ್ಪಲಿಯನ್ನು ಒಂದೊಂದಾಗಿ ಜೋಡಿಸಿದೆ. ಬೆಂಚಿನ ಮುಂದೆ ನಿಂತು ಅಷ್ಟನ್ನೂ ಹೇಳಿ ಪೊಟ್ಟಣ ಚಾಚಿದೆ. ಅವಳು ಒಂದು ತುಂಡು ಮುರಿದು ಬಾಯಿಗಿಟ್ಟು "ಆರೋಗಿದೆ" ಅಂದಳು. ಬಚಾವಾದೆ ಅಂದುಕೊಂಡೆ.

ಇದನ್ನೆಲ್ಲ ಈಗ ಕೆದಕುತ್ತಿರುವುದು ಶಾಹೀನ ಅವರಿಂದಾಗಿ. ಅಜ್ಜಂಪುರದವರು, ಮನೆಯಲ್ಲಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಾರೆ, ನಲವತ್ತು ದಾಟಿದ ಹೆಂಗಸು. ಕನ್ನಡಕಕ್ಕೆಂದು ಅಂಗಡಿಗೆ ಬಂದರು. "ಸಾರ್, ನೋಟ್‌ಬುಕ್ಕು ಹತ್ರ ಇಟ್ಕೊಂಡ್ರೆ ಕಾಣಲ್ಲ, ದೂರ ಇಟ್ಕೊಂಡ್ರೆ ಗಿಟಾರ್ ಅಡ್ಡ ಬರುತ್ತೆ" ಅಂದರು. ಇಷ್ಟು ಖಚಿತವಾಗಿ ತೊಂದರೆ ಹೇಳಿದ ಗಿರಾಕಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಹಾಡ್ತೀರಾ ಅಂದೆ, ಹಾಡ್ತೀನಿ ಅಂದರು. ನಮ್ಮ ಗೆಳೆಯರ ಬಳಗಕ್ಕೆ ನಾನು ಕಾರ್ಯದರ್ಶಿ. ಭಾನುವಾರ ಮಧ್ಯಾಹ್ನಕ್ಕೆ ಕಾರ್ಯಕ್ರಮ ಇಟ್ಟೇಬಿಟ್ಟೆ.

ನಮ್ಮ ಕಡೆ ಹಾಡಿನ ಕಾರ್ಯಕ್ರಮವೆಂದರೆ ಒಂದು ಕ್ರಮವುಂಟು. ಬರೆದವರು ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಮೂವರ ಹೆಸರನ್ನೂ ಮೈಕಿನಲ್ಲಿ ಹೇಳದೆ ಹಾಡು ಶುರುವಾಗುವಂತಿಲ್ಲ. ಹಾಗಾಗಿ ವೇದಿಕೆಯ ಮೇಲೆ ಮೂರು ಕುರ್ಚಿ, ತಟ್ಟೆಯಲ್ಲಿ ಮೂರು ಶಾಲು, ಮೂರು ಹಾರ ತಯಾರಿದ್ದವು. ಶಾಹೀನ ಒಬ್ಬರೇ ಬಂದರು, ಹೆಗಲಲ್ಲಿ ಗಿಟಾರ್. ಬಳಗದ ಅಧ್ಯಕ್ಷ, ಕೊಬ್ಬರಿ ವ್ಯಾಪಾರದ ಚನ್ನಬಸಪ್ಪ ನನ್ನನ್ನು ಮೂಲೆಗೆ ಎಳೆದ.

"ಲೇ, ಕವಿಗಳೆಲ್ಲೋ?"

"ಅವರೇ ಅಂತೆ."

"ರಾಗ ಹಾಕಿದೋರು?"

"ಅದೂ ಅವರೇ ಅಂತೆ ಕಣೋ. ಈಗ ಕೇಳ್ಕೊಂಡು ಬಂದೆ."

"ಮೊದ್ಲೇ ಕೇಳಕ್ಕೆ ಏನಾಗಿತ್ತು ನಿಂಗೆ? ಖಾಲಿ ಕುರ್ಚಿ ಫೋಟೋದಲ್ಲಿ ಏನ್ ಚೆನ್ನಾಗಿ ಕಾಣ್ತದೆ?"

ಕೊನೆಗೆ ಕವಿಯ ಕುರ್ಚಿಯಲ್ಲಿ ಅವನು, ರಾಗದ ಕುರ್ಚಿಯಲ್ಲಿ ನಾನು ಕೂತೆವು. ತಂದ ಶಾಲು ವಾಪಸು ಒಯ್ಯಬಾರದೆಂದು ಚನ್ನಬಸಪ್ಪ ಮೂರನ್ನೂ ಆಕೆಗೇ ಒಂದರ ಮೇಲೊಂದು ಹೊದಿಸಿದ. ಆಕೆ ಮೈಕಿನ ಮುಂದೆ ನಿಂತು ಆಡಿದ ಮೊದಲ ಮಾತು, "ಸಾರ್, ಸೆಕೆ."

ಆಮೇಲೆ ಹಾಡಿದರು. ನಾನು ಹಾಡು ಕೇಳದವನೇನಲ್ಲ. ರೇಡಿಯೋ, ಕ್ಯಾಸೆಟ್ಟು, ಮೊಬೈಲು ಎಲ್ಲ ಆಗಿದೆ. ಆದರೆ ಆ ಹಾಡುಗಳು ಮುಗಿದು ಬಂದಂಥವು, ಹೊಲಿದು ಇಸ್ತ್ರಿ ಮಾಡಿಟ್ಟ ಅಂಗಿಯ ಹಾಗೆ. ಈಕೆಯಾದರೋ ಹಾಡಿನ ನಡುವೆ ನಿಂತು, "ತಡೀರಿ, ಈ ಪದ ಸುಳ್ಳು ಹೇಳ್ತಿದೆ" ಎಂದು ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿ, ಅಲ್ಲೇ ಬೇರೆ ಪದ ಹಾಕಿ ಮುಂದುವರಿಸಿದರು. ಬರೆದವರೇ ಎದುರಿಗೆ ಉಸಿರಾಡುತ್ತ ಹಾಡುವಾಗ, ಹಾಡು ಎಲ್ಲಿಗೆ ಹೋಗುತ್ತದೆಂದು ಅವರಿಗೂ ಪೂರ್ತಿ ಗೊತ್ತಿಲ್ಲ ಅನ್ನುವುದು ನನಗೆ ವಿಪರೀತ ಹಿಡಿಸಿತು. ಕೊನೆಯಲ್ಲಿ ಒಂದು ಹಾಡು ಬಂತು:

ಟಿಕೆಟ್ಟು ಅವನ ಜೇಬಿನಲ್ಲಿ,
ಬೀಗದ ಕೈಯೂ ಅಲ್ಲೇ.
ನನ್ನ ಪಾಲಿಗೆ ಉಳಿದದ್ದು
ಈ ಬೆಂಚು, ಈ ಸಂಜೆ.

"ಮುಂದಿನ ನುಡಿ ಇನ್ನೂ ಬಂದಿಲ್ಲ. ಬಂದಾಗ ಹಾಡ್ತೀನಿ" ಎಂದು ಗಿಟಾರ್ ಕೆಳಗಿಟ್ಟರು. ಮುಂದಿನ ಸಾಲಿನಲ್ಲಿದ್ದ ಸುಮಿತ್ರ ಚಪ್ಪಾಳೆ ತಟ್ಟುತ್ತಿದ್ದಳು. ನನಗೆ ಖುಷಿಯೇ ಆಯಿತು. ನನ್ನ ಕತೆ ಅಜ್ಜಂಪುರದವರೆಗೂ ಹೋಗಿದೆಯಲ್ಲ!

ಅಲ್ಲಿಂದ ನನಗೆ ಹುಚ್ಚು ಹತ್ತಿತು. ತಮ್ಮ ಹಾಡು ತಾವೇ ಕಟ್ಟಿ ಹಾಡುವವರು ಈ ಸೀಮೆಯಲ್ಲಿ ಇನ್ಯಾರಿದ್ದಾರೆ ಎಂದು ವಿಚಾರಿಸುತ್ತ ಹೊರಟೆ. ಪಂಚನಹಳ್ಳಿಯಲ್ಲಿ ಒಬ್ಬ ಬೈಕ್ ಮೆಕ್ಯಾನಿಕ್ ಸಿಕ್ಕಿದ. ಕರೆಂಟು ಬಂದಾಗ ಬೋರ್‌ವೆಲ್ ಮೋಟರು ಹಾಕಲು ಓಡುವವನ ಮೇಲೆ ಅವನು ಕಟ್ಟಿದ ಹಾಡು ಎಷ್ಟು ಜೋರೆಂದರೆ, ಕೇಳುವವರಿಗೇ ಏದುಸಿರು ಬರುತ್ತದೆ. ಅವನೂ ಶಾಹೀನ ಅವರೂ ಕಡೂರಿನಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಜೊತೆಗೆ ಹಾಡಿದ ದಿನ ನಾನೊಬ್ಬನೇ ಹೋಗಿದ್ದೆ. ಬನ್ನು ಬೇಯುವ ವಾಸನೆಯಲ್ಲಿ, ಎರಡೇ ಮಾರು ದೂರದಲ್ಲಿ ಕೂತು ಕೇಳುವುದು! ಸ್ವರ್ಗ ಅಂದುಕೊಳ್ಳುವಷ್ಟರಲ್ಲಿ ಬೆಂಚಿನ ಹಾಡು ಶುರುವಾಯಿತು. ಅದಕ್ಕೆ ಎರಡನೆಯ ನುಡಿ ಹುಟ್ಟಿತ್ತು.

ಎರಡು ಗಾಡಿ ನಿಂತಿದ್ದವು,
ಹಳಿ ಒಡೆಯುವ ಊರಲ್ಲಿ.
ಬಿಸಿ ವಡೆಯ ಹಿಡಿದು ಅವನು
ಹತ್ತಿದ್ದು ಇನ್ನೊಂದನ್ನು.

ಜನ ಗೊಳ್ಳೆಂದರು. ನನ್ನ ಕೈಯಲ್ಲಿದ್ದ ಬನ್ನು ಕೈಯಲ್ಲೇ ಉಳಿಯಿತು. ಇದು ಸುಮಿತ್ರಳಿಗೂ ಗೊತ್ತಿಲ್ಲದ ಸಂಗತಿ! ಎಲ್ಲ ಮದುವೆಮನೆಗಳಲ್ಲೂ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಓಡಿದವನು ನಾನು. ಅವಳೆದುರು ಈ ನುಡಿ ಬಂದರೆ ಹೋಗುವುದು ಬರೀ ವಡೆಯ ಕತೆಯಲ್ಲ. ಆ ಎರಡು ಗಂಟೆ ಅವಳು ಬೆಂಚಿನ ಮೇಲೆ ಯಾವನಿಗಾಗಿ ಕಾದಿದ್ದಳೋ ಅವನೇ ಹೋಗಿಬಿಡುತ್ತಾನೆ.

ಮುಂದಿನ ಕಾರ್ಯಕ್ರಮ ಅಜ್ಜಂಪುರದಲ್ಲಿ, ಈರುಳ್ಳಿ ಮಂಡಿಯ ಶೆಡ್ಡಿನಲ್ಲಿ. "ನಾನೂ ಬತ್ತೀನಿ" ಅಂದಳು ಸುಮಿತ್ರ.

"ಈರುಳ್ಳಿ ಘಾಟು ಕಣೇ, ನಿಂಗಾಗಲ್ಲ."

"ದಿನಾ ಹೆಚ್ಚೋಳು ನಾನು. ನಿಮ್ಗಾಗಲ್ವೇನೋ ನೋಡ್ಕಳಿ."

ಶೆಡ್ಡಿನಲ್ಲಿ ಖಾಲಿ ಚೀಲ ಹಾಸಿ ಎಲ್ಲರನ್ನೂ ಕೂರಿಸಿದ್ದರು. ಶಾಹೀನ ಆವತ್ತು ಎಷ್ಟು ಚೆನ್ನಾಗಿ ಹಾಡಿದರೋ ನಾನು ಹೇಳಲಾರೆ; ಪ್ರತಿ ಹಾಡು ಮುಗಿದಾಗಲೂ ಅದು ಆ ಹಾಡಲ್ಲವಲ್ಲ ಎಂದು ಉಸಿರು ಬಿಡುವುದರಲ್ಲೇ ನಾನಿದ್ದೆ. ಕೊನೆಗೆ ಅದು ಬಂತು. ಟಿಕೆಟ್ಟು ಬಂತು, ಬೀಗದ ಕೈ ಬಂತು. "ನೀರು ಕುಡ್ಕೊಂಡು ಬರಾಣ ಏಳು" ಅಂದೆ. ಅವಳು ನನ್ನ ಅಂಗಿಯ ತುದಿ ಹಿಡಿದು ಕೂರಿಸಿದಳು. "ಕೂತ್ಕಳ್ರೀ. ಈಗ ಬತ್ತದೆ, ನಿಮ್ ಅಜ್ಜಂಪುರದ ಗಾಡಿ."

ನನ್ನ ಕಿವಿಗೆ ಮುಂದಿನ ಎರಡು ಸಾಲು ಬೀಳಲಿಲ್ಲ.

"ನಿಂಗೆ... ಗೊತ್ತಿತ್ತಾ?"

"ಆವತ್ತಿನ ಅಂಗಿ ಒಗೆದೋರು ಯಾರು? ಜೇಬಲ್ಲಿ ಬಸ್ ಟಿಕೆಟ್ ಇತ್ತು. ಅಜ್ಜಂಪುರದಿಂದ ತರೀಕೆರೆ ಅಂತ ಬರೆದಿತ್ತು. ಚಪ್ಪಲೀನೂ ಎರಡೂ ಇದ್ವು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಓಡಿದ್ದನ್ನ ಅಷ್ಟು ಚೆನ್ನಾಗಿ ಹೇಳ್ತಿದ್ರಲ್ಲ ನೀವು. ಒಂದೊಂದ್ ಸಲ ಒಂದೊಂದ್ ಥರ. ಹೋದ ವರ್ಷ ಗಾರ್ಡು ಬಾವುಟ ಬೀಸಿದ್ದು ಸೇರಿಸಿದ್ರಿ. ಅದು ನಂಗೆ ಇಷ್ಟ ಆಯ್ತು. ಸುಮ್ನೆ ಕೇಳ್ತಿದ್ದೆ."

ಬೆನ್ನಿನ ಮೇಲಿಂದ ಒಂದು ಮೂಟೆ ಇಳಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಈರುಳ್ಳಿ ಮಂಡಿಯಾದ್ದರಿಂದ ಯಾರೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಶಾಹೀನ ಮೂರನೆಯ ನುಡಿ ಎತ್ತಿದರು:

ಇನ್ನೊಂದು ಗಾಡಿ ಬಂದು ನಿಂತಿತು,
ನಾನೆದ್ದು ನಿಂತೆ, ಕೂತೆ.
ವಡೆ ಆರಿತ್ತು ಅವನು ಬಂದಾಗ,
ಬಿಸಿಯಿತ್ತು ಅವನ ಕತೆ.

ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ. ಕತೆ ಬರೆದವನು, ಅದಕ್ಕೆ ರಾಗ ಹಾಕಿದವನು, ಊರೂರು ತಿರುಗಿ ಹಾಡಿದವನು ನಾನೊಬ್ಬನೇ ಎಂದು ಹೊಳೆದದ್ದು ಆಗ. ಮೂರು ಶಾಲು ನನಗೂ ಸಲ್ಲಬೇಕಿತ್ತು. ಸಲ್ಲದಿದ್ದದ್ದೇ ಒಳ್ಳೆಯದಾಯಿತು, ನಿಜವಾಗಿ ಸೆಕೆಯಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಶಾಹೀನ ಅವರನ್ನು ಕೇಳಿದೆ, "ಇದು ಯಾರ ಕತೆ ಅಮ್ಮ?"

ಆಕೆ ನಾನೇ ಕೊಟ್ಟ ಕನ್ನಡಕವನ್ನು ಒರೆಸಿಕೊಳ್ಳುತ್ತ ನಕ್ಕರು. "ಕಡೂರಲ್ಲೇ ನಾಲ್ಕು ಜನ ಗಂಡಸ್ರು ಬಂದು ಇದನ್ನೇ ಕೇಳಿದ್ರು ಸಾರ್. ನೀವು ಐದನೆಯೋರು."

ಸುಮಿತ್ರ ತಾನು ಯಾರಿಗೂ ಹೇಳಿಲ್ಲ ಅನ್ನುತ್ತಾಳೆ; ಆ ನುಡಿ ಬರುವುದು ಅವಳಿಗೆ ಮೊದಲೇ ಹೇಗೆ ಗೊತ್ತಿತ್ತೋ, ಅದನ್ನೂ ಹೇಳುವುದಿಲ್ಲ. ನಾನಂತೂ ಹೇಳಿಲ್ಲ. ಅಥವಾ ಹೇಳಿದ್ದೆನೇ? ಆವತ್ತು ಅಜ್ಜಂಪುರದ ಸ್ಟೇಷನ್ನಿನಲ್ಲಿ ಬಸ್ಸು ಎಲ್ಲಿ ಸಿಗುತ್ತದೆಂದು ಒಬ್ಬ ಹೆಂಗಸನ್ನು ಕೇಳಿದ್ದೆ. ಗಾಬರಿಯಲ್ಲಿ ನಡೆದದ್ದನ್ನೆಲ್ಲ ಒದರಿರಬಹುದು. ಅವರ ಹೆಗಲಲ್ಲಿ ಗಿಟಾರ್ ಇತ್ತು ಅಂತ ಈಗ ಅನ್ನಿಸುತ್ತಿದೆ. ಹಾಗೆ ಅನ್ನಿಸುತ್ತಿರುವುದರಿಂದಲೇ ಇರಲಿಲ್ಲವೇನೋ ಎಂಬ ಅನುಮಾನ.

ತರೀಕೆರೆಗೆ ವಾಪಸು ಬರುವ ಬಸ್ಸಿನಲ್ಲಿ ಸುಮಿತ್ರಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ಬೀಗದ ಕೈಯನ್ನು ಅವಳ ಬ್ಯಾಗಿಗೆ ಹಾಕಿದೆ.

"ಆವತ್ತು ನೀನು ಕೂತಿದ್ದಾಗ, ಇನ್ನೊಂದು ಗಾಡಿ ಬಂದಿತ್ತೇನೇ?"

"ಬಂದಿತ್ತು."

"ಆಮೇಲೆ?"

"ಆಮೇಲೇನು, ಹೋಯ್ತು."

ಅವಳು ಎದ್ದು ನಿಂತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.