ಧರಣಿಗೆ ಎಲೆ ಅಡಿಕೆ ಕೊಟ್ಟು ಕರೆಯುವ ನಮ್ಮತ್ತೆ

ನಮ್ಮ ಸೋದರತ್ತೆ ಮೂರು ತಿಂಗಳು ಧರಣಿ ಕೂರದಿದ್ದರೆ ಠಾಣೆಯವರೇ ಫೋನ್ ಮಾಡಿ, "ಯಾಕ್ರಮ್ಮ, ಹುಷಾರಾಗಿದ್ದೀರಾ?" ಎಂದು ವಿಚಾರಿಸುತ್ತಾರೆ! ನಂಬುವುದಿಲ್ಲವೇ? ನಾನೂ ನಂಬುತ್ತಿರಲಿಲ್ಲ. ಆದರೆ ಆ ಫೋನ್ ಎತ್ತಿದವಳು ನಾನೇ. ಆ ಪೇದೆ ನನ್ನ ಆರೋಗ್ಯ ಕೇಳಲಿಲ್ಲ ಎಂಬುದನ್ನೂ ಇಲ್ಲೇ ದಾಖಲಿಸುತ್ತೇನೆ.

ಹೌದು, ನನಗೆ ಹೊಟ್ಟೆಕಿಚ್ಚು. ಹುಣಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹನ್ನೊಂದು ಕಪ್ಪುಗಳು ನಮ್ಮ ಮನೆಯ ಶೋಕೇಸಿನಲ್ಲಿವೆ. ಒಂದೇ ವಿಷಯಕ್ಕೆ ಒಂದು ವಾರ ಪರವಾಗಿ, ಮರುವಾರ ವಿರೋಧವಾಗಿ ಮಾತಾಡಿ ಎರಡೂ ಕಡೆ ಬಹುಮಾನ ಹೊಡೆದವಳು ನಾನು. ಆದರೆ ಬೆಟ್ಟದಪುರದಾಚೆಯ ನಮ್ಮೂರಿನಲ್ಲಿ ನನ್ನ ಮಾತಿನಿಂದ ಒಂದು ಬೀದಿದೀಪವೂ ಹತ್ತಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ, ನಮ್ಮ ಮನೆಯಲ್ಲೇ ಇರುವ ಅತ್ತೆ ಬಾಯಿಯೇ ಬಿಡದೆ ಕೂತರೆ ಸಾಕು, ವಾಲಿದ ಕಂಬ ನೆಟ್ಟಗಾಗುತ್ತದೆ! ಇದ್ಯಾವ ನ್ಯಾಯ ಸ್ವಾಮಿ?

ಅವಳ ಪದ್ಧತಿಯೇ ಬೇರೆ. ಧರಣಿ ಗೊತ್ತಾದ ಕೂಡಲೇ ತಟ್ಟೆಯಲ್ಲಿ ಕುಂಕುಮ, ಎಲೆ ಅಡಿಕೆ ಇಟ್ಟುಕೊಂಡು ಕರೆಯಲು ಹೊರಡುತ್ತಾಳೆ. ಮೊದಲು ಯಾರ ಮನೆಗೆ? ಯಾರ ವಿರುದ್ಧ ಧರಣಿಯೋ ಅವರ ಮನೆಗೆ! ನೀರಿನ ಟ್ಯಾಂಕು ತೊಳೆಸದ ಪಂಚಾಯ್ತಿ ಅಧಿಕಾರಿಯ ಬಾಗಿಲಲ್ಲಿ ನಿಂತು, "ಸೋಮ್ವಾರ ನಿಮ್ ಮೇಲೆ ಧರಣಿ ಮಡಗಿವ್ನಿ ಸಾ. ಮನೆಯೋರ್ನೂ ಕರ್ಕಂಡು ತಪ್ದೆ ಬರ್ಬೇಕು" ಅಂದಳಂತೆ. ಎಲೆ ಅಡಿಕೆ ಈಸಿಕೊಂಡ ಮೇಲೆ ಹೋಗದೆ ಇರುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗಿದೆ? ಆ ಮನುಷ್ಯ ಇಸ್ತ್ರಿ ಶರ್ಟು ಹಾಕಿಕೊಂಡು ಹೆಂಡತಿ ಸಮೇತ ಬಂದ. ಟ್ಯಾಂಕಿನ ಪಾಚಿ ನೋಡಿದ ಆಕೆ ಗಂಡನ ಕಡೆ ತಿರುಗಿ, "ಇದೇನ್ರೀ ಇವ್ರಿಗೆ ಕುಡ್ಸೋದು?" ಎಂದರು. ಸಂಜೆಯೊಳಗೆ ಟ್ಯಾಂಕು ಫಳಫಳ! "ಬಂದೋರು ಮುಯ್ಯಿ ಮಾಡ್ದೆ ಹೋದಾರಾ?" ಎಂದಳು ಅತ್ತೆ.

ಪೊಲೀಸರ ಅನುಮತಿಯೂ ಹೀಗೆಯೇ. ತಟ್ಟೆಯ ಜೊತೆ ಅರ್ಜಿ. ಶಾಂತಿಯುತವಾಗಿ, ನಿರಾಯುಧವಾಗಿ ಕೂರಬೇಕು ಎಂದು ಯಾರೋ ಒಮ್ಮೆ ಓದಿ ಹೇಳಿದ್ದೇ ತಡ, ತನ್ನ ಅಡಕತ್ತರಿಯನ್ನು ಠಾಣೆಯ ಮೇಜಿನ ಮೇಲಿಟ್ಟಳು. ಅಂದಿನಿಂದ ಪ್ರತಿ ಧರಣಿಗೂ ಬೆಳಿಗ್ಗೆ ಅಡಕತ್ತರಿ ಠೇವಣಿ, ಸಂಜೆ ವಾಪಸ್. ನಡುವೆ ಪೇದೆಗಳು ಅದರಲ್ಲೇ ಅಡಿಕೆ ಕತ್ತರಿಸಿಕೊಳ್ಳುತ್ತಾರೆಂದು ನನ್ನ ಗುಮಾನಿ.

ನಾನು ಸುಮ್ಮನಿರುತ್ತೇನೆಯೇ? "ಅತ್ತೆ, ಶಾಂತಿಯಿಂದ ಸೇರೋದು ಸಂವಿಧಾನ ಕೊಟ್ಟಿರೋ ಹಕ್ಕು. ಹಕ್ಕಿಗೆ ಯಾರಾದ್ರೂ ಅಪ್ಪಣೆ ಕೇಳ್ತಾರಾ?" ಎಂದು ವಾದ ಹೂಡಿದೆ.

"ಕೇಳ್ದೋರ್ಯಾರೇ? ಹಬ್ಬ ಮಾಡ್ಲಾ ಅಂತ ಕೇಳದು ಬ್ಯಾರೆ, ಹಬ್ಬಕ್ಕೆ ಬನ್ನಿ ಅಂತ ಕರಿಯದು ಬ್ಯಾರೆ. ನಾ ಕರೀತೀನಿ ಕಣೇ."

ಹನ್ನೊಂದು ಕಪ್ಪುಗಳೂ ಶೋಕೇಸಿನಲ್ಲಿ ತಲೆ ತಗ್ಗಿಸಿದವು. ಆದರೂ ಹಟಕ್ಕೆ, ಅರ್ಜಿ ಬರೆಯುವ ಕೈ ನನ್ನದಲ್ಲ ಎಂದೆ. ಅವಳು ಹಾಲಿನ ಡೈರಿ ಸೆಕ್ರೆಟರಿಯ ಕೈಲಿ ಬರೆಸತೊಡಗಿದಳು.

ಧರಣಿಯ ದಿನ ಶಾಮಿಯಾನದ ಅಂಗಡಿಯಿಂದ ಎರಡು ಕುರ್ಚಿ ತರಿಸುತ್ತಾಳೆ. ಒಂದರಲ್ಲಿ ತಾನು, ಇನ್ನೊಂದರಲ್ಲಿ ಅವಳ ಬ್ಯಾಗು. ಅಧಿಕಾರಿಗಳು ಬಂದು, "ಏನಮ್ಮ ನಿಮ್ಮ ಬೇಡಿಕೆ?" ಎಂದರೆ, "ಮಾತಾಡೋರು ಬತ್ತಾವ್ರೆ, ಕುಂತ್ಕಳಿ" ಎನ್ನುತ್ತಾಳೆ. ಅಷ್ಟೇ! ಬರುವವರು ಲಾಯರೋ, ಪೇಪರಿನವರೋ ಎಂದು ಅವರು ಬೆವರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೇಡಿಕೆ ಈಡೇರಿರುತ್ತದೆ. ಯಾರೂ ಬಂದಿರುವುದಿಲ್ಲ. ಎಂಥ ತಂತ್ರಗಾರಿಕೆ ಎಂದು ಎದುರಿನ ಟೀ ಅಂಗಡಿಯಲ್ಲಿ ನಿಂತು ನಾನು ಉರಿದುಕೊಳ್ಳುತ್ತಿದ್ದೆ. ಆ ಟೀ ಅಂಗಡಿಯವನಿಗೂ ಎಲೆ ಅಡಿಕೆ ಸಿಕ್ಕಿರುತ್ತಿತ್ತು. ನನಗೆ? ಒಂದು ಸಲವೂ ಇಲ್ಲ!

ಸೇಡಿಗೆ ನಾನೂ ಒಂದು ಪ್ರತಿಭಟನೆ ಮಾಡಿದೆ. ಕಾಲೇಜಿನ ವಾಚನಾಲಯಕ್ಕಾಗಿ, ಅರ್ಜಿಯಿಲ್ಲದೆ, ಶುದ್ಧ ಸಂವಿಧಾನಬದ್ಧವಾಗಿ. ಇನ್ನೂರು ಜನ ಬರುತ್ತೇವೆಂದರು, ಬಂದವರು ನಾಲ್ವರು. ನನ್ನ ಭಾಷಣದ ಪೀಠಿಕೆ ಮುಗಿಯುವ ಮೊದಲೇ ಒಬ್ಬ ಪೇದೆ ಬಂದು ನನ್ನ ಮುಖ ನೋಡಿ, "ನೀವು ಆ ಎಲೆ ಅಡಿಕೆ ಅಮ್ಮನ ಮನೆ ಹುಡ್ಗಿ ಅಲ್ವಾ? ಅತ್ತೆ ಹತ್ರ ಕಲ್ತ್ಕೊಂಡು ಬರ್ಬಾರ್ದಾ?" ಎಂದ. ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳು.

ಈ ವರ್ಷ ಬೆಳಗಿನ ಬಸ್ಸು ಮುಖ್ಯರಸ್ತೆಯ ನಮ್ಮೂರ ಗೇಟಿನಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಕಾಲೇಜಿಗೆ ಹೋಗುವ ಆರು ಹೆಣ್ಣುಮಕ್ಕಳು ಕೈ ಬೀಸಿ ಬೀಸಿ ಸೋತರು. ಒಬ್ಬಳ ಅಪ್ಪನಂತೂ, "ಓದಿದ್ದು ಸಾಕು ಬುಡು" ಎಂದೇಬಿಟ್ಟ. ಅತ್ತೆ ತಟ್ಟೆ ತೆಗೆದಳು. ಆದರೆ ಠಾಣೆಗೆ ಹೊಸ ಸಬ್ ಇನ್‌ಸ್ಪೆಕ್ಟರ್ ಬಂದಿದ್ದರು. ಅನುಮತಿ ಇಲ್ಲ ಎಂದುಬಿಟ್ಟರು!

ನನಗೆ ಒಳಗೊಳಗೇ ಖುಷಿ. ಕೊನೆಗೂ ನನ್ನ ಸರದಿ! ಅತ್ತೆಯನ್ನು ಹಿಂದಿಟ್ಟುಕೊಂಡು ಠಾಣೆಗೆ ನುಗ್ಗಿ, "ಸಾರ್, ಇದು ಮೂಲಭೂತ ಹಕ್ಕು" ಎಂದು ಶುರುಮಾಡಿದೆ.

"ಹಕ್ಕಿನ ವಿಚಾರ ಆಮೇಲಮ್ಮ. ಇದು ನೋಡಿ" ಎಂದು ಅವರು ಫೈಲು ತೆರೆದರು. "ನಾಲ್ಕು ವರ್ಷದಿಂದ ಪ್ರತಿ ಅರ್ಜಿಯಲ್ಲೂ ಇಬ್ಬರು ಅಂತ ಇದೆ. ಬರೋದು ಇವ್ರೊಬ್ರೇ. ಸುಳ್ಳು ಮಾಹಿತಿ ಕೊಟ್ರೆ ಹೆಂಗೆ ಅನುಮತಿ ಕೊಡ್ಲಿ?"

ಬಗ್ಗಿ ನೋಡಿದೆ. ಡೈರಿ ಸೆಕ್ರೆಟರಿಯ ದುಂಡು ಅಕ್ಷರ. ಕೂರುವವರು: ಅತ್ತೆಯ ಹೆಸರು. ಮಾತಾಡುವವರು: ನನ್ನ ಹೆಸರು. ಹಾಳೆ ತಿರುವಿದೆ. ಟ್ಯಾಂಕಿನ ಅರ್ಜಿ, ಕಂಬದ ಅರ್ಜಿ. ಎಲ್ಲದರಲ್ಲೂ ನಾನು.

"ಸುಳ್ಳಲ್ಲ ಸಾ" ಎಂದಳು ಅತ್ತೆ. "ನಮ್ ಅಣ್ಣನ್ ಮಗ್ಳು. ಬತ್ತಾಳೆ. ಒಸಿ ಸಿಟ್ಟು ಜಾಸ್ತಿ, ಅಷ್ಟೇಯ."

"ಮತ್ತೆ ನನ್ನ ಒಂದ್ಸಲನೂ ಕರೀಲೇ ಇಲ್ವಲ್ಲ ನೀನು?" ಎಂದೆ.

"ಅಯ್ಯೋ ಪೆದ್ದಿ, ಮನೆಯೋರ್ನ ಯಾರಾರಾ ಎಲೆ ಅಡಿಕೆ ಕೊಟ್ಟು ಕರೀತಾರೇನೇ?"

ಮಾತಾಡುವವಳು ಎದುರಿಗೇ ನಿಂತಿದ್ದಳಲ್ಲ, ಅನುಮತಿ ಸಿಕ್ಕಿತು. ಬಸ್ಸು ಈಗ ನಮ್ಮೂರ ಗೇಟಿನಲ್ಲಿ ನಿಲ್ಲುತ್ತದೆ. ಅದು ನನ್ನ ಭಾಷಣದಿಂದಲೋ ಅವಳ ಕುಂಕುಮದಿಂದಲೋ ಎಂದು ವಾದಿಸಲು ನಾನು ಸಿದ್ಧಳಿದ್ದೇನೆ, ಇನ್ನೊಂದು ದಿನ. ಆ ಧರಣಿಯ ದಿನ ಮಾತ್ರ ಟೀ ಅಂಗಡಿಯಿಂದ ರಸ್ತೆ ದಾಟಲು ನನಗೆ ಬಹಳ ಹೊತ್ತು ಹಿಡಿಯಿತು. ನಾನು ಬರುವುದನ್ನು ನೋಡಿದ ಅತ್ತೆ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಆ ಕುರ್ಚಿಯ ಧೂಳು ಒರೆಸಿದಳು.