ಒಂದು ಹಲ್ಲು, ನಾಲ್ಕು ಮಾತ್ರೆ

ನಮ್ಮ ಯಜಮಾನರ ಎದೆಯಲ್ಲಿ ಹೊಸ ಕವಾಟ ಕೂರಿಸಿದ ಮೇಲೆ ಮನೆಯಲ್ಲಿ ನಗುವಿಗೇನೂ ಕೊರತೆಯಾಗಿಲ್ಲ. ಹೃದಯದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಹಲ್ಲು ಕೀಳಿಸುವುದಾದರೆ ಒಂದು ಗಂಟೆ ಮುಂಚೆ ಈ ನಾಲ್ಕು ಮಾತ್ರೆ ಒಟ್ಟಿಗೆ ನುಂಗಬೇಕು. ಇಲ್ಲದಿದ್ದರೆ ಬಾಯಿಯ ರೋಗಾಣು ರಕ್ತಕ್ಕೆ ಸೇರಿ, ಕವಾಟದ ಮೇಲೆ ಕೂತು ಅದನ್ನೇ ಹಾಳು ಮಾಡಬಹುದು."

ನಾನು ಬಿ.ಎಸ್ಸಿ. ಓದಿದವಳು. ಹೊಸ ನೋಟ್‌ಬುಕ್ಕಿಗೆ ಗೆರೆ ಹಾಕಿ, ಮಾತ್ರೆಯ ಸಮಯಕ್ಕೊಂದು, ಹಲ್ಲಿನ ಸಮಯಕ್ಕೊಂದು ಕಾಲಂ ಮಾಡಿಟ್ಟೆ. ಈ ವರ್ಷ ಅವರ ದವಡೆ ಹಲ್ಲು ಕೈಕೊಟ್ಟಿತು. ಮುದ್ದೆ ಅಗಿಯುವ ಪದಾರ್ಥವಲ್ಲವಾದ್ದರಿಂದ ಬದುಕಿಕೊಂಡಿದ್ದರು.

ಅತ್ತೆಯ ಡೋಸು

ಹಲ್ಲಿನ ಡಾಕ್ಟರು ಸಂಜೆ ಬರಲು ಹೇಳಿದ್ದರು. ಬೆಳಿಗ್ಗೆ ನಾನೊಂದು ಮದುವೆಗೆ ಹೋಗಬೇಕಿತ್ತು. ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು, ಪುಣಜನೂರಿನಿಂದ ಬಂದಿದ್ದ ಅತ್ತೆಗೆ ತೋರಿಸಿ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಡಬ್ಬಿಯಲ್ಲಿ ಒಂದೇ ಮಾತ್ರೆ!

"ನಾಕೂ ಒಂದೇ ಕಿತ ನುಂಗ್ಸಿ ನನ್ ಮಗನ್ನ ಏನ್ ಮಾಡ್ಬೇಕು ಅಂತಿದ್ದೀಯೆ?" ಎಂದು ಅತ್ತೆ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಒತ್ತಾರೆ ಒಂದು ಕೊಟ್ಟೆ, ಊಟ ಆದ್ಮೇಲೆ ಒಂದು ಕೊಟ್ಬುಟ್ಟೆ. ಇದು ರಾತ್ರಿಗೆ ಕಣಮ್ಮಿ."

"ಮೂರಾಯ್ತು. ನಾಲ್ಕನೇದು?"

"ಅದ ನಾನು ನುಂಗ್ದೆ. ಮಂಡಿ ನೋವ್ತಿತ್ತು."

ಬಸ್ಸಿನ ಲೆಕ್ಕಾಚಾರ

ಆ ದಿನ ಹಲ್ಲು ಕೀಳಿಸುವುದು ಅಲ್ಲಿಗೇ ನಿಂತಿತು. ನಮ್ಮ ಚಾಮರಾಜನಗರದ ತುಂಬ ಹಲ್ಲಿನ ಡಾಕ್ಟರುಗಳಿದ್ದಾರೆ. ಯಜಮಾನರಿಗೆ ಮಾತ್ರ ಗುಂಡ್ಲುಪೇಟೆಯವರೇ ಆಗಬೇಕು, ಅವರ ಕೈ ಹಗುರವಂತೆ. ಬಸ್ಸಿನ ದಾರಿ ಸರಿಯಾಗಿ ಒಂದು ಗಂಟೆ. ಹತ್ತುವಾಗ ಮಾತ್ರೆ, ಇಳಿದ ಕೂಡಲೇ ಹಲ್ಲು: ಇಂಥ ಉಪಾಯ ಯಾರಿಗೆ ಹೊಳೆದೀತು! ಬಸ್ಸು ಹೊರಟಿತು, ನಾಲ್ಕೂ ನುಂಗಿಸಿ ಸಮಯ ಬರೆದೆ. ಅರ್ಧ ದಾರಿಯಲ್ಲಿ ಟಯರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ.

ಕಂಡಕ್ಟರಿಗೆ ನೋಟ್‌ಬುಕ್ ತೋರಿಸಿ, "ಇವರು ಮಾತ್ರೆ ನುಂಗಿ ನಲವತ್ತು ನಿಮಿಷ ಆಯ್ತು ಕಣಪ್ಪ, ಬೇಗ ಏನಾದ್ರೂ ಮಾಡು" ಅಂದೆ.

ಅವನು ಗಂಭೀರವಾಗಿ ಓದಿ ವಾಪಸ್ಸು ಕೊಟ್ಟ. "ನಮ್ ಟಯರ್‌ಗೂ ಒರಡಕ್ಕೆ ಮುಂಚೆ ನಾಕು ಮಾತ್ರೆ ಕೊಟ್ಟಿದ್ರೆ ಚೆನ್ನಾಗಿತ್ತು ಕಣಮ್ಮ."

ನಾವು ತಲುಪುವಷ್ಟರಲ್ಲಿ ಡಾಕ್ಟರು ಬಾಗಿಲು ಹಾಕಿ ಊಟಕ್ಕೆ ಹೋಗಿದ್ದರು.

ನಮ್ಗೂ ಒಂದು ನಾಕು

ಮೂರನೇ ಸಲ ನಾನು ಯಾವ ಬಸ್ಸನ್ನೂ ನಂಬಲಿಲ್ಲ. ಗುಂಡ್ಲುಪೇಟೆ ತಲುಪಿದ ಮೇಲೆ, ಕ್ಲಿನಿಕ್ಕಿನ ಬೆಂಚಿನ ಮೇಲೇ ಕೂರಿಸಿ, ನಾಲ್ಕೂ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದೆ. ಕಾಯುತ್ತಿದ್ದವರೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದರು. ಕೆನ್ನೆ ಊದಿಸಿಕೊಂಡಿದ್ದ ಈರುಳ್ಳಿ ವ್ಯಾಪಾರಿಯೊಬ್ಬರು ಹತ್ತಿರ ಬಂದರು.

"ನೋವಾಗ್ದಂಗೆ ಕೀಳೋ ಮಾತ್ರೆನಾ ತಾಯಿ? ನಮ್ಗೂ ಒಂದು ನಾಕು ಕೊಡಿ."

"ಇದು ನೋವಿಗಲ್ಲ, ಹೃದಯಕ್ಕೆ. ನಿಮಗೆ ಬೇಕಾಗಿಲ್ಲ."

"ಯಾಕೆ, ನಮ್ಗೇನ್ ಹೃದಯ ಇಲ್ವಾ?"

ಬೆಂಚಿಗೆ ಬೆಂಚೇ ಅವರ ಪರ ನಿಂತಿತು. ಕವಾಟ ಬದಲಿಸಿದವರ ಕಥೆ ಬೇರೆ, ಆರೋಗ್ಯವಾಗಿರುವವರು ಇದನ್ನು ಸುಮ್ಮನೆ ನುಂಗಬಾರದು ಎಂದು ಪಾಠ ಮಾಡುವಷ್ಟರಲ್ಲಿ ಆ ಒಂದು ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ. ಕೊನೆಗೆ ವ್ಯಾಪಾರಿ ನಿಟ್ಟುಸಿರಿಟ್ಟರು: "ದೊಡ್ಡೋರ ಹೃದಯಕ್ಕೇ ಎಲ್ಲಾ ಸೌಕರ್ಯ ಬುಡಿ."

ಕುರ್ಚಿಯ ಮೇಲೆ

ಒಳಗೆ ಕುರ್ಚಿ ಕಂಡದ್ದೇ ಯಜಮಾನರ ಮುಖ ಬಾಡಿತು. "ಡಾಕ್ಟ್ರೇ, ಮಾತ್ರೆ ನುಂಗಿದ ಹಾಗೆ ನೆನಪೇ ಇಲ್ಲ. ಇನ್ನೊಂದು ದಿನ ಬರೋಣ್ವಾ?"

ನಾನು ನೋಟ್‌ಬುಕ್ ತೆರೆದು ಹಿಡಿದೆ: "ಹತ್ತು ಗಂಟೆ ಐದು ನಿಮಿಷ. ನಾಲ್ಕು ಮಾತ್ರೆ. ನಾಲಿಗೆಯ ಕೆಳಗೂ ಪರಿಶೀಲಿಸಲಾಗಿದೆ." ನನ್ನ ಮಗನ ವಯಸ್ಸಿನ ಆ ಡಾಕ್ಟರು ಓದಿ, ಗಡಿಯಾರ ನೋಡಿ, ಇಕ್ಕಳ ಕೈಗೆತ್ತಿಕೊಂಡರು. ಐದೇ ನಿಮಿಷದಲ್ಲಿ ಹಲ್ಲು ತಟ್ಟೆಯಲ್ಲಿತ್ತು. ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದ ಭಯ ಇಳಿದು ನನಗೆ ಕಣ್ಣು ತುಂಬಿ ಬಂತು.

ಯಜಮಾನರಿಗೆ ಮಾತ್ರ ಧೈರ್ಯ ವಾಪಸ್ಸಾಗಿತ್ತು. ಕಚ್ಚಿಕೊಂಡಿದ್ದ ಹತ್ತಿಯ ಪಕ್ಕದಿಂದಲೇ ಶುರು ಮಾಡಿದರು: "ಡಾಕ್ಟ್ರೇ, ನನ್ನ ಬಾಯಿಂದ ಹೃದಯಕ್ಕೆ ಏನೂ ಹೋಗದ ಹಾಗೆ ಮಾತ್ರೆ ಆಯ್ತು. ಇವಳ ಬಾಯಿಂದ ಬರೋದು ಮೂವತ್ತೈದು ವರ್ಷದಿಂದ ನೇರ ನನ್ನ ಹೃದಯಕ್ಕೇ ಹೋಗ್ತಾ ಇದೆ. ಅದಕ್ಕೇನೂ ಮಾತ್ರೆ ಇಲ್ವಾ?"

ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು: "ಇದೆ ಸಾರ್. ಆದ್ರೆ ತಾಳಿ ಕಟ್ಟೋಕೆ ಒಂದು ಗಂಟೆ ಮುಂಚೆ ನುಂಗ್ಬೇಕಿತ್ತು."

ಯಜಮಾನರು ನಕ್ಕ ರಭಸಕ್ಕೆ ಹತ್ತಿ ಹಾರಿ ಬಂದು ನನ್ನ ಸೆರಗಿನ ಮೇಲೆ ಬಿತ್ತು. ಇನ್ನೊಂದು ಹತ್ತಿ ಇಡಿಸಿ, ಅರ್ಧ ಗಂಟೆ ಯಾರೂ ತುಟಿ ಬಿಚ್ಚಕೂಡದು ಎಂದು ಡಾಕ್ಟರನ್ನೂ ಸೇರಿಸಿಯೇ ಅಪ್ಪಣೆ ಮಾಡಿದೆ.