ಕೈಗಾ ಬಸ್ಸು ಹತ್ತುವವನ ವಿಜ್ಞಾನ

ನಾನು ವಿಜ್ಞಾನಿಯಲ್ಲ. ಈ ಮಾತನ್ನು ಹದಿನೆಂಟು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಮೊದಲು ಗಟ್ಟಿಯಾಗಿ, ಆಮೇಲೆ ಮೆಲ್ಲಗೆ, ಈಗೀಗ ಮನಸ್ಸಿನಲ್ಲೇ. ದಿನಾ ಬೆಳಿಗ್ಗೆ ಕಾರವಾರದಲ್ಲಿ ಕೈಗಾ ಅಣುಸ್ಥಾವರದ ಕಂಪನಿ ಬಸ್ಸು ಹತ್ತುತ್ತೇನೆ ಎಂಬುದು ನಿಜ. ಅಲ್ಲಿ ಸ್ಟೋರಿನ ಕಿಟಕಿಯ ಹಿಂದೆ ಕೂತು ಕೈಗವಸು, ಗಂಬೂಟು, ಬಲ್ಬು, ಕಸಬರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತೇನೆ ಎಂಬುದೂ ಅಷ್ಟೇ ನಿಜ. ಕಾರವಾರದ ನಮ್ಮ ಓಣಿಯಲ್ಲಿ ಇದರಿಂದ ನನಗೆ ಯಾವ ಬೆಲೆಯೂ ಇಲ್ಲ, ಏಕೆಂದರೆ ಓಣಿಯ ಅರ್ಧ ಜನ ಅದೇ ಬಸ್ಸಿಗೆ ಬರುತ್ತಾರೆ. ಅಕ್ಕನನ್ನು ಕೊಟ್ಟ ಬೆಳಂಬಾರದಲ್ಲಿ ಮಾತ್ರ ಸಂಗತಿ ಬೇರೆ. ಅಲ್ಲಿ ನಾನು ಕಾಲಿಟ್ಟರೆ ಸಾಕು, ತಿರುಗದ ಮಿಕ್ಸರು, ಮಾತಾಡದ ಟೀವಿ ರಿಮೋಟು, ಬೀಪ್ ಎನ್ನುವ ಇನ್ವರ್ಟರಿನ ಸುದ್ದಿ ಎಲ್ಲ ಅಕ್ಕನ ಜಗಲಿಗೆ ಬಂದು ಸಾಲಾಗಿ ಕೂರುತ್ತವೆ.

ಇದರಲ್ಲಿ ನನ್ನ ತಪ್ಪೂ ಇಲ್ಲದಿಲ್ಲ. ಒಮ್ಮೆ ಭಾವನ ಮೊಬೈಲು ಗದ್ದೆಯ ನೀರಿಗೆ ಬಿತ್ತು. ಒದ್ದೆ ಮೊಬೈಲನ್ನು ಅಕ್ಕಿಯಲ್ಲಿ ಹೂತಿಡಬೇಕೆಂದು ಯಾರೋ ಹೇಳಿದ್ದರಂತೆ. ಹೇಳಿದವರು ಯಾವ ಅಕ್ಕಿ ಎಂದು ಹೇಳಿರಲಿಲ್ಲ. ಭಾವ ನನಗೆ ಫೋನ್ ಮಾಡಲಾಗದೆ, ಮೊಬೈಲು ನೀರಲ್ಲಿ ಬಿದ್ದಿತ್ತಲ್ಲ, ನಾನು ಊರಿಗೆ ಬರುವವರೆಗೆ ಕಾದಿದ್ದರು. "ಬೆಳ್ತಿಗೆ ಅಕ್ಕಿಯೋ ಕುಚ್ಚಲಕ್ಕಿಯೋ? ನೀನು ಕೈಗಾದವ, ಸಮಾ ಹೇಳು" ಎಂದರು. ಗೊತ್ತಿಲ್ಲ ಎನ್ನುವುದು ಎರಡೇ ಕ್ಷಣದ ಕೆಲಸ. ಆದರೆ ಜಗಲಿಯಲ್ಲಿ ನಾಲ್ಕು ಮಂದಿ ನನ್ನ ಬಾಯನ್ನೇ ನೋಡುತ್ತಿದ್ದರು. "ಕುಚ್ಚಲಕ್ಕಿ. ಅದು ಒಮ್ಮೆ ಬೆಂದು ಒಣಗಿದ್ದು. ನೀರು ಕುಡಿದು ಅದಕ್ಕೆ ಅಭ್ಯಾಸ ಅದೆ" ಎಂದೆ. ಮೂರನೆಯ ದಿನ ಅಕ್ಕಿ ಡಬ್ಬಿಯೊಳಗಿಂದ ಮೊಬೈಲು ರಿಂಗಾಯಿತು. ನಾನು ಬರುವ ಮೊದಲು ಎರಡು ದಿನ ಭಾವ ಅದನ್ನು ಹಂಚಿನ ಮೇಲೆ ಬಿಸಿಲಿಗೆ ಇಟ್ಟಿದ್ದರೆಂಬುದನ್ನು ಊರಿನವರು ಲೆಕ್ಕಕ್ಕೇ ಹಿಡಿಯಲಿಲ್ಲ. ನಾನೂ ನೆನಪಿಸಲಿಲ್ಲ.

ಹೀಗೆ ಸುಖವಾಗಿದ್ದ ನನಗೆ ಕಳೆದ ಚಳಿಗಾಲದಲ್ಲಿ ಕಂಟಕ ಬಂತು. ಅಕ್ಕನ ಮಗಳು ಶ್ವೇತಾಳಿಗೆ ಸಂಬಂಧ ಕೂಡಿಬಂದು, ಬೀಗರು ಮೊದಲ ಸಲ ಊಟಕ್ಕೆ ಬರುವುದೆಂದು ಒಂದು ಭಾನುವಾರ ಗೊತ್ತಾಯಿತು. ಅಕ್ಕ ಫೋನಿನಲ್ಲಿ, "ತಮ್ಮಾ, ಹುಡುಗನ ಅಪ್ಪನೂ ಕೈಗಾದಲ್ಲೇ ಇರೂದಂತೆ. ದೊಡ್ಡ ವಿಜ್ಞಾನಿ ಅಂತೆ. ನನ್ನ ತಮ್ಮನೂ ಅಲ್ಲೇ ವಿಜ್ಞಾನಿ ಅಂತ ನಾನು ಹೇಳಿಬಿಟ್ಟಿದ್ದೆ. ನೀನು ಅವರ ಮಗ್ಗುಲಲ್ಲೇ ಕೂತ್ಕಂಡು ಮಾತಾಡಬೇಕು" ಎಂದಳು. ನನಗೆ ಆ ವಾರ ಸರಿಯಾಗಿ ಊಟ ಸೇರಲಿಲ್ಲ. ಹೆಣ್ಣಿನ ಸೋದರಮಾವ ಸುಳ್ಳುಗಾರ ಎಂದು ಬೀಗರಿಗೆ ಊಟದ ಎಲೆಯ ಮುಂದೆಯೇ ಗೊತ್ತಾದರೆ, ನನ್ನ ಮರ್ಯಾದೆ ಹಾಳಾಗಲಿ, ಆ ಹುಡುಗಿಯ ಗತಿಯೇನು?

ಭಾನುವಾರ ಹತ್ತೂವರೆಗೆ ಬೆಳಂಬಾರ ಮುಟ್ಟಿದರೆ, ಅನ್ನ ಪಲ್ಯ ಬೇಯಿಸಿ ಮುಗಿದ ಹೊತ್ತಿಗೆ ಸರಿಯಾಗಿ ಗ್ಯಾಸ್ ಮುಗಿದಿತ್ತು. ಉಳಿದದ್ದು ಬಂಗಡೆ ಮೀನಿನ ಸಾರು, ಅದೇ ಮುಖ್ಯ. ಪಕ್ಕದ ಮನೆಯಿಂದ ಸಿಲಿಂಡರ್ ತರೋಣವೆಂದೆ. "ಬೀಗರು ಬರೂ ಹೊತ್ತಿಗೆ ಸಿಲಿಂಡರ್ ಹೊತ್ಕಂಡು ಅಂಗಳದಲ್ಲಿ ತಿರುಗೂದಾ?" ಎಂದಳು ಅಕ್ಕ. ಬಚ್ಚಲ ಒಲೆ ಎಂಬ ಮಾತನ್ನು ಭಾವ ಬಾಯಿಂದ ಪೂರ್ತಿ ಹೊರಡಿಸಲೇ ಇಲ್ಲ, ಅಕ್ಕ ಹಾಗೆ ನೋಡಿದಳು. ಮನೆಯಲ್ಲಿ ಹೊಸ ಇಂಡಕ್ಷನ್ ಒಲೆಯಿತ್ತು. ಆದರೆ ಅದರ ಮೇಲೆ ಮಣ್ಣಿನ ಗಡಿಗೆ ಇಟ್ಟು ಕಾಲು ಗಂಟೆಯಾದರೂ ಗಡಿಗೆ ತಣ್ಣಗೇ ಇತ್ತು. ಒಲೆ ಮಾತ್ರ ಕೂಗುತ್ತಿತ್ತು.

ಒಲೆಯ ಪೆಟ್ಟಿಗೆಯೊಳಗಿದ್ದ ಸೂಚನೆಯ ಕಾಗದವನ್ನು ಬಚ್ಚಲಿಗೆ ಒಯ್ದು ಗುಟ್ಟಾಗಿ ಓದಿ ಬಂದೆ. ಜೀವನದಲ್ಲಿ ಮೊದಲ ಬಾರಿಗೆ ಸರಿಯಾದ ಉತ್ತರ ನನ್ನ ಕೈಯಲ್ಲಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಗಿಳಿಯನ್ನು ಕಿತ್ತು ತಂದು, "ಈ ಒಲೆಗೆ ಬೆಂಕಿ ಇಲ್ಲ. ಇದು ತಾನು ಬಿಸಿಯಾಗದೆ ಪಾತ್ರೆಯನ್ನೇ ಬಿಸಿಮಾಡುತ್ತದೆ. ಈ ಗಿಳಿ ಯಾವ ಪಾತ್ರೆಗೆ ಅಂಟುತ್ತದೋ ಅದು ಮಾತ್ರ ನಡೆಯುತ್ತದೆ. ಮಣ್ಣಿಗೆ ಅಂಟುವುದಿಲ್ಲ. ಸಾರನ್ನು ಸ್ಟೀಲ್ ಪಾತ್ರೆಗೆ ಬಗ್ಗಿಸು" ಎಂದು ಭಾಷಣ ಮಾಡಿದೆ. ಅಕ್ಕನ ಸ್ಟೀಲ್ ಪಾತ್ರೆಗಳಿಗೂ ಗಿಳಿ ಅಂಟಲಿಲ್ಲ. ಒಂದೊಂದಾಗಿ ಆರು ಪಾತ್ರೆಯಿಂದ ಜಾರಿ ಬಿತ್ತು. "ಹಾಗಾದರೆ ಆಗುವುದಿಲ್ಲ. ವಿಜ್ಞಾನದಲ್ಲಿ ದಾರಿ ಇಲ್ಲ" ಎಂದು ಕೈ ತೊಳೆದುಕೊಂಡೆ.

ಅಕ್ಕ ಗಿಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ದೋಸೆಯ ಬೀಡುಕಬ್ಬಿಣದ ಕಾವಲಿಗೆ ಹಿಡಿದಳು. ಟಕ್ಕೆಂದು ಕಚ್ಚಿತು. "ಇದು ಬಿಸಿ ಆಗ್ತದೆ ಅಂತಾದ್ರೆ, ಇದರ ಮೇಲೆ ಗಡಿಗೆ ಇಟ್ರೆ ಆತಲ್ಲ ಮಾರಾಯಾ" ಎಂದು ಕಾವಲಿಯನ್ನು ಒಲೆಯ ಮೇಲಿಟ್ಟು, ಅದರ ಮೇಲೆ ಗಡಿಗೆ ಕೂರಿಸಿದಳು. ಅದು ಸಾಧ್ಯವಿಲ್ಲ ಎಂದು ನಾನು ಕಾರಣ ಹುಡುಕುತ್ತಿರುವಾಗಲೇ ಸಾರಿಗೆ ಹಾಕಿದ ಮುರುಗಲ ಹುಳಿಯ ಪರಿಮಳ ಬಂತು. ತಡವಾಯಿತು, ಒಲೆ ನಡುನಡುವೆ ಮುನಿಸಿಕೊಂಡಿತು, ಆದರೆ ಬೀಗರು ಕಾಲು ತೊಳೆಯುವ ಹೊತ್ತಿಗೆ ಸಾರು ಕುದಿಯುತ್ತಿತ್ತು. ನನಗೆ ನಾಚಿಕೆಯೂ ಆಯಿತು, ಅಕ್ಕನ ಬಗ್ಗೆ ಹೆಮ್ಮೆಯೂ ಆಯಿತು.

ಊಟಕ್ಕೆ ಬೀಗರ, ಅಂದರೆ ಹುಡುಗನ ಅಪ್ಪನ, ಮಗ್ಗುಲಲ್ಲೇ ಕೂತೆ. ಅವರು ಸಾರನ್ನು ಎರಡು ಸಲ ಹಾಕಿಸಿಕೊಂಡು ಹೊಗಳಿದರು. ಅಕ್ಕ ತಕ್ಷಣ, "ಗ್ಯಾಸೇ ಇರ್ಲಿಲ್ಲ. ಕರೆಂಟಿನ ಒಲೆ ಮೇಲೆ ಗಡಿಗೆ ಇಡೂ ಉಪಾಯ ನಮ್ಮ ತಮ್ಮಂದೇ" ಎಂದಳು. ಅಲ್ಲ ಎನ್ನಲು ಬಾಯಿ ತೆರೆಯಬೇಕೆಂದರೆ ಬಾಯೊಳಗೆ ಬಂಗಡೆಯ ಮುಳ್ಳಿತ್ತು. ಮುಳ್ಳು ತೆಗೆಯುವಷ್ಟರಲ್ಲಿ ಮಾತು ಮದುವೆಯ ಕಡೆಗೆ ಹೋಗಿತ್ತು. ಬೀಗರು ಮಾತ್ರ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. ನನಗೂ ಆ ಮುಖ ಎಲ್ಲೋ ಕಂಡಂತೆ ಇತ್ತು.

ಕೈ ತೊಳೆಯುವಲ್ಲಿ ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ನೀವು ಸ್ಟೋರಿನಲ್ಲಿ ಇರೂದಲ್ವೆ? ನಾನು ನಿಮ್ಮ ಹತ್ರ ಗಂಬೂಟು ತಕಂಡಿದ್ದೆ."

ತಂಬಿಗೆಯನ್ನು ಕೆಳಗಿಟ್ಟೆ. "ನೀವು ಯಾವ ಸೆಕ್ಷನ್ನು?" ಎಂದು ಹೇಗೋ ಕೇಳಿದೆ.

"ಕ್ಯಾಂಟೀನು" ಎಂದರು ಅವರು, ಜಗಲಿಯ ಕಡೆ ಒಮ್ಮೆ ನೋಡಿ. "ವಿಜ್ಞಾನಿ ಅಲ್ಲ ಅಂತ ಊರಿನವರಿಗೆ ಹೇಳಿ ಹೇಳಿ ಸಾಕಾಯ್ತು, ಯಾರೂ ನಂಬೂದಿಲ್ಲ. ಇರ್ಲಿ ಬಿಡಿ, ನಮ್ಮ ನಮ್ಮಲ್ಲೇ. ಒಂದು ಕೇಳೂದಿತ್ತು. ಒದ್ದೆ ಮೊಬೈಲಿಗೆ ಕುಚ್ಚಲಕ್ಕಿನೇ ಆಗಬೇಕು ಅಂತ ಬೆಳಂಬಾರದ ವಿಜ್ಞಾನಿ ಹೇಳಿದ್ದಾರಂತೆ, ಅದು ನೀವೇಯಾ? ನಮ್ಮೂರಲ್ಲಿ ನಾನು ಬೆಳ್ತಿಗೆ ಅಂತ ಹೇಳಿಬಿಟ್ಟಿದ್ದೆ. ಈಗ ಸಂಬಂಧ ಆದ ಮೇಲೆ ಎರಡೂ ಊರಿಗೆ ಒಂದೇ ಇದ್ರೆ ಚಂದ."

ಮದುವೆ ಚೆನ್ನಾಗಿ ಆಯಿತು. ಅಕ್ಕಿಯ ವಿಷಯದಲ್ಲಿ ಬೀಗರೇ ಸೋತು ಕುಚ್ಚಲಕ್ಕಿಗೆ ಒಪ್ಪಿದರು. ಗಂಡಿನ ಕಡೆಯವರು ಇಷ್ಟು ಸುಲಭಕ್ಕೆ ಮಣಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕ್ಯಾಂಟೀನಿನಲ್ಲಿ ಈಗ ನನ್ನ ತಟ್ಟೆಗೆ ಒಂದು ವಡೆ ಹೆಚ್ಚು ಬೀಳುತ್ತದೆ. ಕಳೆದ ವಾರ ನನ್ನದೇ ಮೊಬೈಲು ಬಕೆಟ್ಟಿನ ನೀರಿಗೆ ಬಿತ್ತು. ಯಾರಿಗೂ ಕಾಣದ ಹಾಗೆ ಎತ್ತಿಕೊಂಡು ಹೋಗಿ ರಿಪೇರಿ ಅಂಗಡಿಗೆ ಕೊಟ್ಟು ಬಂದೆ.